ತೆಂಗಿನ ಮರವೂ ರಾಜಹಂಸದ ತಾರೆಯೂ

ಕನ್ನಡ ಪಾಠ ಹೇಳುವವನು ಗಣಿತದ ವಿಷಯವನ್ನು ಬರೆಯಹೊರಟರೆ ಓದುಗರಲ್ಲಿ ಕೆಲವರಾದರೂ ಮುಸಿಮುಸಿ ನಗದಿರಲಾರರು. ನಗಲಿ, ಅವರೊಡನೆ ನಾನೂ ನಗುವವನೇ. ಪಿ.ಯು.ಸಿ. ತರಗತಿಯಲ್ಲಿ ನನಗೆ ಗಣಿತದಲ್ಲಿ ಬಂದ ಅಂಕಗಳೆಷ್ಟೆಂಬುದನ್ನು ನನ್ನ ಹೆಂಡತಿಗೇ ಇನ್ನೂ ಹೇಳಿಲ್ಲ. ಹಾಗಿದ್ದೂ ಈ ವಾರ ತ್ರಿಕೋಣಮಿತಿಯ ಮಾತನ್ನೇ ಆಡಬೇಕಾಗಿ ಬಂದಿದೆ. ಅದಕ್ಕೆ ಕಾರಣಳಾದವಳು ನನ್ನ ಅಕ್ಕನ ಮಗಳು.

ಹುಡುಗಿ ಹತ್ತನೆಯ ತರಗತಿಯ ಪರೀಕ್ಷೆಯನ್ನು ಮುಗಿಸಿ ರಜಕ್ಕೆಂದು ಮೈಸೂರಿಗೆ, ನಮ್ಮ ಮನೆಗೆ ಬಂದಿದ್ದಳು. ಏಳೆಂಟು ವರ್ಷದವಳಾಗಿದ್ದಾಗಿನಿಂದಲೂ ಅವಳಿಗೆ ಆಕಾಶದ ಹುಚ್ಚು. ಅವಳ ಕೋಣೆಯ ಗೋಡೆಯಲ್ಲಿ ಸಿನಿಮಾ ನಟರ ಚಿತ್ರಗಳಿಲ್ಲ. ಶನಿಗ್ರಹದ ಉಂಗುರಗಳಿವೆ, ನೀಹಾರಿಕೆಗಳಿವೆ. ಮುಂದೆ ಖಗೋಳಶಾಸ್ತ್ರವನ್ನೇ ಓದಿ ಅದರಲ್ಲಿಯೇ ಬಾಳಬೇಕೆಂಬುದು ಅವಳ ಆಸೆ ಎಂದು ಮನೆಯವರೆಲ್ಲರೂ ತಿಳಿದಿದ್ದೆವು. ಆದರೆ ಈ ಸಲ ಬಂದವಳು ಬೇರೆ ಮಾತನಾಡಿದಳು. ಪಿ.ಯು.ಸಿ.ಗೆ ಗಣಿತವನ್ನೇ ಬಿಟ್ಟುಬಿಡುವಳಂತೆ. ಬೀಜಗಣಿತವನ್ನು ಹೇಗೋ ಸಹಿಸಿಕೊಂಡಳಂತೆ. ತ್ರಿಕೋಣಮಿತಿ ಮಾತ್ರ ತಲೆಗೆ ಹತ್ತುವುದಿಲ್ಲವಂತೆ. ಅವಳ ತಂದೆಗೆ ಇದು ಹಾಲು ಕುಡಿದಷ್ಟು ಸಂತೋಷ. ‘ವಾಣಿಜ್ಯ ತೆಗೆದುಕೊಳ್ಳಲಿ, ನಕ್ಷತ್ರಗಳು ಎಲ್ಲಿಗೂ ಓಡಿಹೋಗುವುದಿಲ್ಲ’ ಎಂಬುದು ಅವರ ವಾದ. ಅರ್ಜಿ ಕೊಡಲು ಹತ್ತು ದಿನಗಳು ಮಾತ್ರ ಉಳಿದಿದ್ದವು. ಅಕ್ಕ ದೂರವಾಣಿಯಲ್ಲಿ, ‘ನೀನು ಮೇಷ್ಟ್ರಲ್ಲವೆ, ಒಂದು ಮಾತು ಹೇಳಿ ನೋಡು’ ಎಂದಳು.

ನಾನು ಹೇಳುವುದಕ್ಕೆ ಮೊದಲೇ ಹುಡುಗಿಯೇ ಕೇಳಿದಳು: ‘ಮಾವ, ನಕ್ಷತ್ರ ನೋಡುವವರಿಗೆ ಸೈನ್, ಕಾಸ್, ಟ್ಯಾನ್ ಯಾಕೆ ಬೇಕು? ಒಳ್ಳೆಯ ದೂರದರ್ಶಕವಿದ್ದರೆ ಸಾಲದೆ?’

ಹದಿನಾರನೆಯ ವಯಸ್ಸಿನಲ್ಲಿ ನಾನೂ ನನ್ನ ಉಪಾಧ್ಯಾಯರೊಬ್ಬರನ್ನು ಇದೇ ಬಗೆಯ ಪ್ರಶ್ನೆ ಕೇಳಿದ್ದುಂಟು. ‘ಪರೀಕ್ಷೆಯಲ್ಲಿ ಕೇಳುತ್ತಾರೆ, ಅದಕ್ಕೆ’ ಎಂದು ಅವರು ಉತ್ತರ ಹೇಳಿ ಕೋಷ್ಟಕವನ್ನು ಇಪ್ಪತ್ತು ಸಲ ಬರೆಸಿದರು. ಅಂದಿಗೆ ಆ ಬಾಗಿಲು ಮುಚ್ಚಿತು. ಕನ್ನಡಕ್ಕೆ ಬಂದುದಕ್ಕೆ ನನಗೆ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ. ಆದರೆ ಇದನ್ನು ಬಯಸಿ ಬಂದೆನೆ, ಅದಕ್ಕೆ ಹೆದರಿ ಬಂದೆನೆ ಎಂದು ಎಂದಾದರೊಮ್ಮೆ ನನ್ನನ್ನೇ ಕೇಳಿಕೊಳ್ಳುವುದುಂಟು. ಆದುದರಿಂದ ಹುಡುಗಿಗೆ ಉಪದೇಶ ಮಾಡುವುದನ್ನು ಬಿಟ್ಟು, ನಮ್ಮ ಕಾಲೇಜಿನ ಗಣಿತ ವಿಭಾಗದ ಗೆಳೆಯರೊಬ್ಬರನ್ನು ಕಂಡು, ಎರಡು ಸಂಜೆ ಅವರ ಮುಂದೆ ವಿದ್ಯಾರ್ಥಿಯಾಗಿ ಕುಳಿತು ಬಂದೆ. ಮೂರನೆಯ ದಿನ ಬೆಳಿಗ್ಗೆ ಸೊಸೆಯನ್ನು ಕರೆದುಕೊಂಡು ಮಹಡಿ ಹತ್ತಿದೆ.

ನಮ್ಮ ಮನೆಯ ಎದುರಿಗೆ ಒಂದು ಓಣಿ ನೇರವಾಗಿ ಹೋಗಿ ಒಂದು ತೆಂಗಿನ ಮರದ ಬುಡದಲ್ಲಿ ನಿಲ್ಲುತ್ತದೆ. ‘ಆ ಮರ ಎಷ್ಟು ದೂರದಲ್ಲಿದೆ? ಕೆಳಗಿಳಿಯದೆ ಹೇಳಬೇಕು’ ಎಂದೆ. ಒಂದು ರಟ್ಟಿಗೆ ಕೋನಮಾಪಕವನ್ನು ಅಂಟಿಸಿ, ಅದರ ನಡುವೆ ಖಾಲಿ ಪೆನ್ನಿನ ಕೊಳವೆಯೊಂದನ್ನು ಗುಂಡುಸೂಜಿಯಿಂದ ತಿರುಗುವಂತೆ ಚುಚ್ಚಿದೆವು. ಇದೇ ನಮ್ಮ ವೇಧಶಾಲೆ. ಮಹಡಿಯ ಮುಂಗೋಡೆಯ ಉದ್ದ ೯ ಮೀಟರು. ಅದರ ಎಡಮೂಲೆ ಸರಿಯಾಗಿ ಓಣಿಗೆ ಎದುರಾಗಿದೆ. ಅಲ್ಲಿಂದ ಮರದ ಕಡೆಗಿನ ನೋಟ ಗೋಡೆಗೆ ಲಂಬ, ಅಂದರೆ ೯೦ ಅಂಶ. ಬಲಮೂಲೆಗೆ ಹೋಗಿ ಕೊಳವೆಯಲ್ಲಿ ಕಣ್ಣಿಟ್ಟು ನೋಡಿದಳು. ‘೮೦ ಅಂಶ’ ಎಂದಳು.

ಇಷ್ಟೇ ಸಾಕು. ಗೋಡೆ ಒಂದು ಬಾಹು, ಓಣಿ ಇನ್ನೊಂದು ಬಾಹು, ಬಲಮೂಲೆಯಿಂದ ಮರಕ್ಕೆ ಹೋಗುವ ನೋಟವೇ ಮೂರನೆಯದು. ಲಂಬಕೋನ ತ್ರಿಭುಜದಲ್ಲಿ ಕೋನದ ಎದುರು ಬಾಹುವನ್ನು ಪಕ್ಕದ ಬಾಹುವಿನಿಂದ ಭಾಗಿಸಿದರೆ ಬರುವುದೇ ಅವಳ ವೈರಿಯಾದ ಟ್ಯಾನ್. ೮೦ ಅಂಶದ ಟ್ಯಾನ್ ೫.೬೭. ಅದನ್ನು ೯ರಿಂದ ಗುಣಿಸಿದರೆ ೫೧ ಮೀಟರು. ಬಳಿಕ ಮೇಸ್ತ್ರಿಯ ಟೇಪನ್ನು ಎರವಲು ತಂದು ಓಣಿಯುದ್ದಕ್ಕೂ ಅಳೆದೆವು. ನೆರೆಯವರು ರಸ್ತೆ ಅಗಲ ಮಾಡುವವರು ಬಂದರೆಂದು ಗಾಬರಿಯಾದದ್ದು ಬೇರೆಯ ಕಥೆ. ಟೇಪು ತೋರಿಸಿದುದು ೫೪ ಮೀಟರು.

ಹುಡುಗಿಯ ಮುಖ ಸಪ್ಪಗಾಯಿತು. ‘ನೋಡಿದಿರಾ, ನನಗೆ ಬರುವುದೇ ಇಲ್ಲ’ ಎಂದಳು. ಆದರೆ ಲೆಕ್ಕದಲ್ಲಿ ತಪ್ಪೆಲ್ಲಿತ್ತು? ಕೋನ ೭೯ ಅಂಶವೆಂದು ಓದಿದ್ದರೆ ಮರ ೪೬ ಮೀಟರಿಗೆ ಬರುತ್ತಿತ್ತು. ೮೧ ಎಂದಿದ್ದರೆ ೫೭ಕ್ಕೆ ಹೋಗುತ್ತಿತ್ತು. ಮರ ೫೪ ಮೀಟರಿನಲ್ಲಿ ಇರಬೇಕಾದರೆ ಕೋನ ೮೦ ಅಂಶ ೩೨ ಕಲೆ ಆಗಬೇಕು. ಅಂಶವೊಂದರ ಅರವತ್ತನೆಯ ಪಾಲು ಕಲೆ, ಕಲೆಯ ಅರವತ್ತನೆಯ ಪಾಲು ವಿಕಲೆ. ಈಗಿನ ಪಠ್ಯಗಳ ನಿಮಿಷ, ಸೆಕೆಂಡುಗಳಿಗೆ ಇವು ನಮ್ಮ ಹಳೆಯ ಹೆಸರುಗಳು. ಅವಳ ಕಣ್ಣು ಅರ್ಧ ಅಂಶದಷ್ಟು ತಪ್ಪಿತ್ತು, ಅಷ್ಟೆ. ಗಣಿತ ತಪ್ಪಿರಲಿಲ್ಲ. ಖಗೋಳಶಾಸ್ತ್ರದ ಇತಿಹಾಸದಲ್ಲಿ ಬಹುಪಾಲು ಈ ಅರ್ಧ ಅಂಶದ ಕಥೆಯೇ ಎಂದು ನಾನು ಹೇಳಿದಾಗ ಅವಳು ನಂಬಲಿಲ್ಲ.

ಕ್ರಿಸ್ತನಿಗಿಂತ ಮೂರು ಶತಮಾನ ಹಿಂದೆ ಗ್ರೀಸಿನ ಅರಿಸ್ಟಾರ್ಕಸ್ ಎಂಬುವನು ಸೂರ್ಯನ ದೂರವನ್ನು ಅಳೆಯಲು ಹೊರಟನು. ಚಂದ್ರನ ಬಿಂಬ ಸರಿಯಾಗಿ ಅರ್ಧ ಬೆಳಗಿದಾಗ ಭೂಮಿ, ಚಂದ್ರ, ಸೂರ್ಯ ಇವುಗಳ ತ್ರಿಭುಜದಲ್ಲಿ ಚಂದ್ರನಿರುವ ಮೂಲೆ ಲಂಬಕೋನವಾಗಿರಲೇಬೇಕು. ಭೂಮಿಯ ಮೂಲೆಯ ಕೋನವನ್ನು ಅಳೆದರೆ ಸಾಕು, ಸೂರ್ಯನು ಚಂದ್ರನಿಗಿಂತ ಎಷ್ಟು ಪಟ್ಟು ದೂರದಲ್ಲಿರುವನೆಂಬುದು ತಾನಾಗಿ ಬರುತ್ತದೆ. ಎಂತಹ ಸೊಗಸಾದ ಯೋಚನೆ! ಅವನು ಆ ಕೋನವನ್ನು ೮೭ ಅಂಶವೆಂದು ತೆಗೆದುಕೊಂಡನು. ಆಗ ಸೈನ್, ಕಾಸ್‌ಗಳ ಕೋಷ್ಟಕಗಳಿರಲಿಲ್ಲ. ಬರಿಯ ರೇಖಾಗಣಿತದಿಂದಲೇ ಸೂರ್ಯನು ೧೮ರಿಂದ ೨೦ ಪಟ್ಟು ದೂರವೆಂದು ಸಾಧಿಸಿದನು. ನಿಜವಾದ ಕೋನ ೮೯ ಅಂಶ ೫೧ ಕಲೆ. ಮೂರು ಅಂಶಕ್ಕೂ ಕಡಮೆಯ ವ್ಯತ್ಯಾಸ. ಆದರೆ ಸೂರ್ಯನು ನಿಜವಾಗಿ ಇರುವುದು ಚಂದ್ರನಿಗಿಂತ ಸುಮಾರು ೩೯೦ ಪಟ್ಟು ದೂರದಲ್ಲಿ. ‘ಅವನಿಗಿಂತ ನಾನೇ ವಾಸಿ’ ಎಂದಳು ಸೊಸೆ. ನಾನು ಅಲ್ಲವೆನ್ನಲಿಲ್ಲ.

ಅಂದು ರಾತ್ರಿ ಊಟವಾದ ಮೇಲೆ ಅವಳು ಕೇಳಿದುದು ನನ್ನ ಕ್ಷೇತ್ರಕ್ಕೆ ಸೇರಿದ ಪ್ರಶ್ನೆ. ‘ಸೈನ್ ಎಂದರೆ ಏನರ್ಥ?’

ಇಲ್ಲಿ ಮಾತ್ರ ಓದುಗರು ನನಗೆ ತುಸು ಸಲಿಗೆ ಕೊಡಬೇಕು. ವೃತ್ತದ ಒಂದು ತುಂಡನ್ನು ನಮ್ಮ ಹಿಂದಿನವರು ಚಾಪವೆಂದರು, ಎಂದರೆ ಬಿಲ್ಲು. ಬಿಲ್ಲಿನ ಎರಡು ತುದಿಗಳನ್ನು ಕೂಡಿಸುವುದು ಜ್ಯಾ, ನಮ್ಮ ಕನ್ನಡದಲ್ಲಿ ಹೆದೆ. ಗ್ರೀಕರ ಹಿಪಾರ್ಕಸ್, ಟಾಲೆಮಿ ಇವರು ಇಡೀ ಹೆದೆಯಿಂದಲೇ ಲೆಕ್ಕ ಮಾಡಿದರು. ಭಾರತದವರು ಅರ್ಧ ಹೆದೆಯೇ ಹೆಚ್ಚು ಅನುಕೂಲವೆಂದು ಕಂಡು ಅರ್ಧಜ್ಯಾವನ್ನು ಹಿಡಿದರು. ಬಳಕೆಯಲ್ಲಿ ಅದು ಜ್ಯಾ ಎಂದೂ ಜೀವಾ ಎಂದೂ ಉಳಿಯಿತು. ಇಂದಿನ ಸೈನ್ ಎಂಬುದು ಈ ಅರ್ಧ ಹೆದೆಯೇ. ಅರಬ್ಬರು ಜೀವಾ ಎಂಬುದನ್ನು ಜೀಬಾ ಎಂದು ತೆಗೆದುಕೊಂಡು ಹೋದರು. ಅರಬ್ಬಿ ಬರವಣಿಗೆಯಲ್ಲಿ ಜೀಬಾ ಎಂಬ ಈ ಪರದೇಶದ ಮಾತಿಗೂ ಅವರದೇ ಆದ ಜೈಬ್ ಎಂಬ ಮಾತಿಗೂ ಅಕ್ಷರಗಳು ಒಂದೇ. ಜೈಬ್ ಎಂದರೆ ಉಡುಪಿನ ಎದೆಯ ಬಳಿಯ ಮಡಿಕೆ. ಹನ್ನೆರಡನೆಯ ಶತಮಾನದಲ್ಲಿ ಲ್ಯಾಟಿನಿಗೆ ಅನುವಾದಿಸಿದವರು ಅದನ್ನು ಹಾಗೆಯೇ ಓದಿ, ಮಡಿಕೆ, ಎದೆ ಎಂಬ ಅರ್ಥವುಳ್ಳ ಸೈನಸ್ ಎಂಬ ಮಾತನ್ನು ಹಾಕಿದರು. ಕನ್ನಡದಲ್ಲಿ ಹೇಳುವುದಾದರೆ ಹೆದೆಯು ಎದೆಯಾಯಿತು! ನಮ್ಮ ವಿದ್ಯಾರ್ಥಿಗಳು ‘ಹ’ಕಾರವನ್ನು ನುಂಗಿ ಇದೇ ತಪ್ಪನ್ನು ಉತ್ತರಪತ್ರಿಕೆಗಳಲ್ಲಿ ಮಾಡಿದಾಗ ನಾನು ಕೆಂಪು ಗೆರೆ ಎಳೆಯುತ್ತೇನೆ, ಅಲ್ಲಿ ಮಾತ್ರ ಅದು ಶಾಸ್ತ್ರವಾಗಿ ನಿಂತಿದೆ.

ಆರ್ಯಭಟನು ೪೯೯ರಲ್ಲಿ, ತನ್ನ ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ಈ ಹೆದೆಗಳ ಕೋಷ್ಟಕವನ್ನು ಒಂದೇ ಒಂದು ಶ್ಲೋಕದಲ್ಲಿ ತುಂಬಿಟ್ಟನು. ವೃತ್ತದ ಕಾಲುಭಾಗವನ್ನು ೨೪ ಪಾಲು ಮಾಡಿ, ಮೂರು ಮುಕ್ಕಾಲು ಅಂಶಕ್ಕೊಂದರಂತೆ, ಒಂದು ಹೆದೆಯಿಂದ ಮುಂದಿನ ಹೆದೆಗೆ ಎಷ್ಟು ಹೆಚ್ಚುತ್ತದೆಂಬುದನ್ನು ಅಕ್ಷರಗಳಲ್ಲಿ ಅಡಗಿಸಿದನು. ತ್ರಿಜ್ಯವನ್ನು ಅವನು ೩೪೩೮ ಕಲೆಯೆಂದು ಹಿಡಿದಿದ್ದನು. ಮೊದಲ ಎಂಟು ಅಂಕಿಗಳನ್ನು ಹುಡುಗಿಗೆ ಬರೆದುಕೊಟ್ಟೆ: ೨೨೫, ೨೨೪, ೨೨೨, ೨೧೯, ೨೧೫, ೨೧೦, ೨೦೫, ೧೯೯. ‘ಕೂಡಿಸು’ ಎಂದೆ. ೧೭೧೯ ಬಂದಿತು. ಎಂಟು ಪಾಲೆಂದರೆ ೩೦ ಅಂಶವಾಯಿತಷ್ಟೆ. ಅವಳು ಒಂದು ಕ್ಷಣ ನೋಡಿ, ೩೪೩೮ನ್ನು ಎರಡರಿಂದ ಭಾಗಿಸಿ, ಕುರ್ಚಿಯಿಂದ ಎದ್ದೇಬಿಟ್ಟಳು. ‘ಸೈನ್ ಮೂವತ್ತು ಅರ್ಧ! ಇದನ್ನೇ ನಾನು ಬಾಯಿಪಾಠ ಮಾಡಿದ್ದು!’

ಅವನಿಗೆ ಈ ಕೋಷ್ಟಕ ಬೇಕಾದುದು ಪರೀಕ್ಷೆಗಲ್ಲ; ಗ್ರಹಗಳು ಎಲ್ಲಿರುತ್ತವೆ, ಗ್ರಹಣ ಎಂದು ಹಿಡಿಯುತ್ತದೆ ಎಂದು ಮೊದಲೇ ಹೇಳುವುದಕ್ಕೆ. ಹದಿನಾಲ್ಕನೆಯ ಶತಮಾನದ ಕೇರಳದಲ್ಲಿ ಮಾಧವನು ಈ ಹೆದೆಗಳನ್ನು ಕೊನೆಯಿಲ್ಲದ ಶ್ರೇಢಿಗಳಿಂದ ಎಷ್ಟು ಸೂಕ್ಷ್ಮವಾಗಿ ಬೇಕಾದರೂ ಲೆಕ್ಕ ಹಾಕುವ ದಾರಿಯನ್ನು ತೋರಿಸಿದನು. ಅದು ನನ್ನ ತಲೆಗೆ ಎಟುಕುವ ಮಾತಲ್ಲ; ಮುಂದೆ ಹೋಗೋಣ.

ಮನೆಯ ಗೋಡೆಯನ್ನು ಆಧಾರರೇಖೆ ಮಾಡಿಕೊಂಡು ತೆಂಗಿನ ಮರವನ್ನು ಅಳೆಯಬಹುದು. ಚಂದ್ರನನ್ನು ಅಳೆಯಲು ಭೂಮಿಯ ಮೇಲಿನ ಎರಡು ದೂರದ ಊರುಗಳು ಬೇಕು. ೧೭೫೧ರಲ್ಲಿ ಲಾಲಾಂದ್ ಎಂಬ ಹತ್ತೊಂಬತ್ತು ವರ್ಷದ ಹುಡುಗ ಬರ್ಲಿನ್ನಿನಲ್ಲಿಯೂ ಲಾಕಾಯ್ ಎಂಬುವನು ಆಫ್ರಿಕದ ದಕ್ಷಿಣದ ತುದಿಯಲ್ಲಿಯೂ ನಿಂತು ಹೀಗೆಯೇ ಚಂದ್ರನನ್ನು ನೋಡಿದರು. ಆದರೆ ನಕ್ಷತ್ರಗಳ ಎದುರಿಗೆ ಇಡೀ ಭೂಮಿಯೇ ಒಂದು ಚುಕ್ಕೆ. ಆಧಾರರೇಖೆಗೆ ಎಲ್ಲಿಗೆ ಹೋಗುವುದು?

ಭೂಮಿಯೇ ನಮ್ಮನ್ನು ಹೊತ್ತು ಒಯ್ಯುತ್ತದೆ. ಇಂದು ನಾವಿರುವ ಸ್ಥಾನಕ್ಕೂ ಆರು ತಿಂಗಳ ಅನಂತರ ನಾವಿರುವ ಸ್ಥಾನಕ್ಕೂ ನಡುವೆ ಸುಮಾರು ೩೦ ಕೋಟಿ ಕಿಲೋಮೀಟರುಗಳ ಅಂತರ. ಸಮೀಪದ ನಕ್ಷತ್ರವಿದ್ದರೆ ಈ ಎರಡು ಕಡೆಗಳಿಂದ ನೋಡಿದಾಗ ಅದು ದೂರದ ನಕ್ಷತ್ರಗಳ ಹಿನ್ನೆಲೆಯಲ್ಲಿ ತುಸು ಸರಿದಂತೆ ಕಾಣಬೇಕು. ಮೂಗಿನ ಮುಂದೆ ಹೆಬ್ಬೆರಳನ್ನು ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿದರೆ ಬೆರಳು ಸರಿಯುವಂತೆ. ನಮ್ಮ ಜ್ಯೋತಿಷ ಗ್ರಂಥಗಳಲ್ಲಿ ಇಂತಹ ಸರಿತಕ್ಕೆ ಲಂಬನವೆಂದು ಹೆಸರು. ೧೫೪೩ರಲ್ಲಿ ಕೊಪರ್ನಿಕಸ್ ಭೂಮಿ ಚಲಿಸುತ್ತದೆ ಎಂದಾಗ ಎದುರಾಳಿಗಳು ಹೂಡಿದ ದೊಡ್ಡ ಆಕ್ಷೇಪಣೆಯೇ ಇದು: ‘ಚಲಿಸುವುದು ನಿಜವಾದರೆ ನಕ್ಷತ್ರಗಳ ಲಂಬನವೆಲ್ಲಿ?’ ಬರಿಗಣ್ಣಿನ ವೀಕ್ಷಕರಲ್ಲಿ ಸರಿಸಾಟಿಯಿಲ್ಲದ ಟೈಕೊ ಬ್ರಾಹೆಗೂ ಅದು ಸಿಗಲಿಲ್ಲ. ಸುಮಾರು ಮುನ್ನೂರು ವರ್ಷ ಆ ಪ್ರಶ್ನೆ ಹಾಗೆಯೇ ನಿಂತಿತ್ತು.

ಅದಕ್ಕೆ ಉತ್ತರ ಕೊಟ್ಟವರಲ್ಲಿ ಮೊದಲಿಗ ಬೆಸೆಲ್. ಅವನ ಕಥೆಯನ್ನು ಸೊಸೆಗೆ ನಿಧಾನವಾಗಿ ಹೇಳಿದೆ, ಏಕೆಂದರೆ ಅವನು ವಾಣಿಜ್ಯದಿಂದ ಬಂದವನು! ೧೭೮೪ರಲ್ಲಿ ಜರ್ಮನಿಯ ಮಿಂಡನ್ನಿನಲ್ಲಿ ಹುಟ್ಟಿದ ಫ್ರೀಡ್ರಿಕ್ ಬೆಸೆಲ್ ಹದಿನಾಲ್ಕನೆಯ ವಯಸ್ಸಿಗೇ ಶಾಲೆ ಬಿಟ್ಟು ಬ್ರೆಮನ್ನಿನ ವ್ಯಾಪಾರದ ಮಳಿಗೆಯೊಂದರಲ್ಲಿ ಲೆಕ್ಕ ಬರೆಯಲು ಸೇರಿದನು. ಮಳಿಗೆಯ ಸರಕು ಹಡಗುಗಳಲ್ಲಿ ಹೋಗುತ್ತಿತ್ತು. ಹಡಗು ನಡುಸಮುದ್ರದಲ್ಲಿ ಎಲ್ಲಿದೆಯೆಂದು ತಿಳಿಯಬೇಕಾದರೆ ನಕ್ಷತ್ರಗಳನ್ನು ಅಳೆಯಬೇಕು. ಹೀಗೆ ಹಗಲು ಜಮಾ ಖರ್ಚು, ರಾತ್ರಿ ಗೋಳೀಯ ತ್ರಿಕೋಣಮಿತಿ. ಇಪ್ಪತ್ತನೆಯ ವಯಸ್ಸಿನಲ್ಲಿ ಹ್ಯಾಲಿ ಧೂಮಕೇತುವಿನ ಕಕ್ಷೆಯನ್ನು ೧೬೦೭ರ ಹಳೆಯ ವೀಕ್ಷಣೆಗಳಿಂದ ಲೆಕ್ಕ ಹಾಕಿ, ಅದೇ ಊರಿನ ಪ್ರಸಿದ್ಧ ಖಗೋಳಜ್ಞ ಓಲ್ಬರ್ಸ್‌ಗೆ ಒಯ್ದು ತೋರಿಸಿದನು. ಓಲ್ಬರ್ಸ್ ಬೆರಗಾದನು. ಬೆಸೆಲ್ ಮಳಿಗೆಯನ್ನು ಬಿಟ್ಟು ವೇಧಶಾಲೆಯೊಂದಕ್ಕೆ ಸಹಾಯಕನಾಗಿ ಹೋದನು. ವಿಶ್ವವಿದ್ಯಾಲಯದ ಮೆಟ್ಟಿಲನ್ನು ವಿದ್ಯಾರ್ಥಿಯಾಗಿ ತುಳಿಯದ ಅವನನ್ನು ೧೮೧೦ರಲ್ಲಿ ಪ್ರಷ್ಯದ ದೊರೆ ಕೋನಿಗ್ಸ್‌ಬರ್ಗಿನ ಹೊಸ ವೇಧಶಾಲೆಗೆ ನಿರ್ದೇಶಕನನ್ನಾಗಿ ಕರೆದನು. ಆ ಊರು ಈಗ ರಷ್ಯದ ಕಲಿನಿನ್‌ಗ್ರಾಡ್.

ಅಲ್ಲಿ ಅವನ ಕೈಗೆ ಬಂದ ಉಪಕರಣ ಫ್ರಾನ್‌ಹೋಫರ್ ರೂಪಿಸಿದ ಹೀಲಿಯೋಮೀಟರು. ಅದರ ಮುಂಗಾಜನ್ನು ನಡುವೆ ಎರಡಾಗಿ ಸೀಳಿದೆ; ಒಂದೊಂದು ಹೋಳೂ ಒಂದೊಂದು ಚಿತ್ರವನ್ನು ಕೊಡುತ್ತದೆ. ತಿರುಪನ್ನು ತಿರುಗಿಸಿ ಹೋಳುಗಳನ್ನು ಸರಿಸುತ್ತ, ಒಂದು ಹೋಳಿನ ನಕ್ಷತ್ರವನ್ನು ಇನ್ನೊಂದು ಹೋಳಿನ ನೆರೆಯ ನಕ್ಷತ್ರದ ಮೇಲೆ ಕೂಡಿಸಿದರೆ, ತಿರುಪಿನ ಸುತ್ತುಗಳೇ ಅವುಗಳ ನಡುವಿನ ಕೋನವನ್ನು ಹೇಳುತ್ತವೆ. ಫ್ರಾನ್‌ಹೋಫರ್ ೧೮೨೬ರಲ್ಲಿಯೇ ತೀರಿಕೊಂಡನು. ತನ್ನ ಕೈಕೆಲಸ ಏನನ್ನು ಸಾಧಿಸಿತೆಂಬುದನ್ನು ಅವನು ಕಾಣಲಿಲ್ಲ.

ಬೆಸೆಲ್ ಆರಿಸಿಕೊಂಡುದು ಹೊಳೆಯುವ ನಕ್ಷತ್ರವನ್ನಲ್ಲ. ರಾಜಹಂಸ ಪುಂಜದ ೬೧ನೆಯ ತಾರೆ, ಬರಿಗಣ್ಣಿಗೆ ಕಾಣುವುದೇ ಕಷ್ಟ. ಆದರೆ ಅದು ವರ್ಷಕ್ಕೆ ಐದು ವಿಕಲೆಗೂ ಹೆಚ್ಚಾಗಿ ಆಕಾಶದಲ್ಲಿ ಜರುಗುತ್ತದೆ. ನಕ್ಷತ್ರಗಳ ಲೆಕ್ಕದಲ್ಲಿ ಇದು ಓಟವೇ ಸರಿ. ಕಿಟಕಿಯ ಬಳಿ ಹಾರುವ ಗುಬ್ಬಿ ದೂರದ ಹದ್ದಿಗಿಂತ ವೇಗವಾಗಿ ಕಾಣುವಂತೆ, ಓಡುವ ನಕ್ಷತ್ರ ಹತ್ತಿರದ್ದಿರಬೇಕೆಂದು ಅವನು ಊಹಿಸಿದನು. ೧೮೩೭ರ ಆಗಸ್ಟ್‌ನಿಂದ ಒಂದು ವರ್ಷಕ್ಕೂ ಮೀರಿ, ಮೋಡವಿಲ್ಲದ ರಾತ್ರಿಗಳಲ್ಲೆಲ್ಲ, ಅದನ್ನು ಎರಡು ಮಂಕು ನಕ್ಷತ್ರಗಳಿಗೆ ಹೋಲಿಸಿ ಮತ್ತೆ ಮತ್ತೆ ಅಳೆದನು. ಗಾಳಿಯಲ್ಲಿ ಬೆಳಕು ಬಾಗುವುದನ್ನು ಕಳೆದನು. ಭೂಮಿಯ ವೇಗದಿಂದ ಬೆಳಕಿನ ದಿಕ್ಕು ಓರೆಯಾಗುವುದನ್ನು ಕಳೆದನು. ಚಳಿಗೆ ತಿರುಪಿನ ಲೋಹ ಕುಗ್ಗುವುದನ್ನೂ ಬಿಡಲಿಲ್ಲ. ಇವೆಲ್ಲ ಹೋದ ಮೇಲೆ ಉಳಿದುದು ೦.೩೧೩೬ ವಿಕಲೆ.

ಅದೆಷ್ಟು ಸಣ್ಣದು? ಹತ್ತು ರೂಪಾಯಿಯ ನಾಣ್ಯದ ಅಗಲ ೨೭ ಮಿಲಿಮೀಟರು. ಅದನ್ನು ಸುಮಾರು ೧೮ ಕಿಲೋಮೀಟರು ದೂರದಲ್ಲಿ, ಮೈಸೂರಿನಿಂದ ಹೊರಟವನು ಶ್ರೀರಂಗಪಟ್ಟಣವನ್ನೂ ದಾಟಿ ಹಿಡಿದು ನಿಂತರೆ, ನಾಣ್ಯದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಕಣ್ಣಿನಲ್ಲಿ ಆಗುವ ಕೋನ ಅಷ್ಟು.

ಇಷ್ಟೆಲ್ಲ ಆದ ಮೇಲೆ ಉಳಿಯುವ ಗಣಿತವೋ? ಹತ್ತನೆಯ ತರಗತಿಯದು. ಭೂಮಿಯಿಂದ ಸೂರ್ಯನ ದೂರವನ್ನು ಒಂದು ಎಂದಿಟ್ಟುಕೊಂಡರೆ, ಲಂಬನ ಒಂದು ವಿಕಲೆಯಾದ ನಕ್ಷತ್ರ ೨,೦೬,೨೬೫ ಪಟ್ಟು ದೂರದಲ್ಲಿರುತ್ತದೆ; ಒಂದು ವಿಕಲೆಯ ಟ್ಯಾನ್ ಅಷ್ಟು ಚಿಕ್ಕದು. ಆ ಅಂಕಿಯನ್ನು ೦.೩೧೩೬ರಿಂದ ಭಾಗಿಸಬೇಕು. ಸೊಸೆ ಭಾಗಿಸಿದಳು: ೬,೫೭,೭೩೩. ಬೆಸೆಲ್ ೧೮೩೮ರಲ್ಲಿ ಲೋಕಕ್ಕೆ ತಿಳಿಸಿದುದು ೬,೫೭,೭೦೦. ಬೆಳಕು ಬರಲು ಹತ್ತು ವರ್ಷಕ್ಕೂ ಮೇಲೆ ಬೇಕು ಎಂದು. ‘ಇಷ್ಟೇನಾ?’ ಎಂದಳು. ಇಷ್ಟೇ. ಅದೇ ಕಾಲಕ್ಕೆ ಸ್ಟ್ರೂವೆ ಅಭಿಜಿತ್ ನಕ್ಷತ್ರವನ್ನೂ ಹೆಂಡರ್ಸನ್ ಕಿನ್ನರದ ಉಜ್ವಲ ತಾರೆಯನ್ನೂ ಅಳೆದಿದ್ದರು. ಆದರೆ ಸಂದೇಹಕ್ಕೆ ಎಡೆಯಿಲ್ಲದೆ ನಿಂತುದು ಬೆಸೆಲನ ಅಳತೆ. ಇಂದಿನ ಅಳತೆಯಲ್ಲಿ ಆ ಕೋನ ೦.೨೮೬ ವಿಕಲೆ, ದೂರ ೧೧.೪ ಜ್ಯೋತಿರ್ವರ್ಷ. ‘ನೀನು ಶಿಶುವಿಹಾರಕ್ಕೆ ಅಳುತ್ತ ಹೋಗುತ್ತಿದ್ದಾಗ ಹೊರಟ ಬೆಳಕು ಈಗ ಬಂದು ಸೇರುತ್ತಿದೆ’ ಎಂದೆ. ಅವಳು ಅಳುತ್ತಿರಲಿಲ್ಲವೆಂದು ವಾದಿಸಿದಳು.

ಮರುದಿನ ಅವಳ ತಂದೆ ಬಂದರು. ಅವರು ಲೆಕ್ಕಪತ್ರದ ಮನುಷ್ಯ. ನೇರವಾಗಿ ಕೇಳಿದರು: ‘ಇದೆಲ್ಲ ಹಳೆಯ ಕಥೆ. ಈಗ ಲೆಕ್ಕವನ್ನು ಕಂಪ್ಯೂಟರು ಮಾಡುತ್ತದೆ. ಇವಳು ಕಲಿತು ಆಗಬೇಕಾದುದೇನು?’

ನ್ಯಾಯವಾದ ಪ್ರಶ್ನೆ. ಲೆಕ್ಕವನ್ನು ಯಂತ್ರ ಮಾಡುತ್ತದೆ, ನಿಜ. ತ್ರಿಭುಜ ಎಲ್ಲಿದೆಯೆಂದು ಕಾಣಬೇಕಾದವರು ಮನುಷ್ಯರೇ. ನಮ್ಮ ಅಗಸ್ತ್ಯ ನಕ್ಷತ್ರವನ್ನೇ ತೆಗೆದುಕೊಳ್ಳಿ. ಮಾಘಮಾಸದ ರಾತ್ರಿ ದಕ್ಷಿಣದಲ್ಲಿ ಮೈಸೂರಿನವರಿಗೆ ಅದು ಹೆಚ್ಚೆಂದರೆ ೨೫ ಅಂಶ ಎತ್ತರಕ್ಕೆ ಏರುತ್ತದೆ. ಆಗ ಅದರ ಬೆಳಕು ನೆತ್ತಿಯ ಮೇಲಿನ ನಕ್ಷತ್ರದ ಬೆಳಕಿಗಿಂತ ಸುಮಾರು ಎರಡೂಕಾಲು ಪಟ್ಟಿಗೂ ಹೆಚ್ಚು ಗಾಳಿಯನ್ನು ತೂರಿ ಬರಬೇಕು. ಒಂದನ್ನು ೨೫ ಅಂಶದ ಸೈನಿನಿಂದ ಭಾಗಿಸಿದರೆ ಇದು ಗೊತ್ತಾಗುತ್ತದೆ. ಇದನ್ನು ಕಳೆಯದೆ ಆ ನಕ್ಷತ್ರದ ನಿಜವಾದ ಪ್ರಕಾಶವನ್ನು ಹೇಳುವಂತಿಲ್ಲ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಲಡಾಖಿನ ಹಾನ್ಲೆಯಲ್ಲಿರುವ ಎರಡು ಮೀಟರಿನ ಚಂದ್ರ ದೂರದರ್ಶಕವನ್ನು ಹೊಸಕೋಟೆಯಲ್ಲಿ ಕುಳಿತು ಉಪಗ್ರಹದ ಮೂಲಕ ನಡೆಸುತ್ತಾರೆ. ಅಲ್ಲಿ ಅಗಸ್ತ್ಯ ದಿಗಂತದಿಂದ ಬರಿಯ ನಾಲ್ಕೂವರೆ ಅಂಶ ಏಳುತ್ತದೆ. ಅಗಸ್ತ್ಯನನ್ನು ಅಧ್ಯಯನ ಮಾಡುವವರು ಅಲ್ಲಿಗಿಂತ ಜವಾದಿ ಬೆಟ್ಟಗಳ ಕಾವಲೂರಿಗೆ ಹೋಗುವುದು ಲೇಸು. ವೈಣು ಬಪ್ಪು ಅವರ ಹೆಸರನ್ನು ೧೯೮೬ರಲ್ಲಿ ಪಡೆದ ಆ ವೇಧಶಾಲೆ ಇರುವುದು ೧೨ ಅಂಶಕ್ಕೆ ತುಸು ಮೇಲಿನ ಅಕ್ಷಾಂಶದಲ್ಲಿ. ಯಾವ ರಾತ್ರಿ, ಯಾವ ಗಳಿಗೆಗೆ, ಯಾವ ನಕ್ಷತ್ರ ಎಷ್ಟು ಎತ್ತರದಲ್ಲಿರುತ್ತದೆ? ಧ್ರುವ, ನೆತ್ತಿ, ನಕ್ಷತ್ರ ಈ ಮೂರರ ನಡುವೆ ಆಕಾಶದ ಕಮಾನಿನ ಮೇಲೆಯೇ ಒಂದು ತ್ರಿಭುಜವನ್ನು ಎಳೆದು ಬಿಡಿಸಬೇಕು. ವೀಕ್ಷಣೆಯ ಕಾಲಕ್ಕಾಗಿ ಅರ್ಜಿ ಬರೆಯುವಾಗಲೇ ಈ ಕೆಲಸ ಆರಂಭವಾಗುತ್ತದೆ.

ಇನ್ನೂ ಒಂದು ಉದಾಹರಣೆಯನ್ನು ನನ್ನ ಗಣಿತದ ಗೆಳೆಯರು ಕೊಟ್ಟರು. ೧೯೯೫ರಲ್ಲಿ ಮೇಯರ್ ಮತ್ತು ಕ್ವೆಲೊ ಎಂಬುವರು ೫೧ ಪೆಗಸಿ ಎಂಬ ಸೂರ್ಯನಂತಹ ನಕ್ಷತ್ರಕ್ಕೆ ಒಂದು ಗ್ರಹವಿರುವುದನ್ನು ಕಂಡುಹಿಡಿದರು. ೨೦೧೯ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಗ್ರಹವನ್ನು ಅವರು ಕಾಣಲಿಲ್ಲ. ಅದು ಎಳೆಯುವುದರಿಂದ ನಕ್ಷತ್ರ ನಮ್ಮ ಕಡೆಗೂ ಆಚೆಗೂ ತೂಗುವುದನ್ನು ಕಂಡರು. ಕಕ್ಷೆ ಎಷ್ಟು ಓರೆಯಾಗಿದೆಯೆಂದು ತಿಳಿಯದಿದ್ದರೆ, ಸಿಗುವುದು ಗ್ರಹದ ತೂಕವಲ್ಲ, ತೂಕವನ್ನು ಆ ಓರೆಯ ಸೈನಿನಿಂದ ಗುಣಿಸಿದ ಅಂಕಿ. ಆದುದರಿಂದಲೇ ಅದು ‘ಕನಿಷ್ಠಪಕ್ಷ’ ಗುರುಗ್ರಹದ ಅರ್ಧದಷ್ಟು ಎಂದು ಹೇಳಿದರು. ಆ ‘ಕನಿಷ್ಠಪಕ್ಷ’ ಎಂಬ ಒಂದು ಮಾತಿನಲ್ಲಿ ಸೈನ್ ಅಡಗಿ ಕುಳಿತಿದೆ. ಅದನ್ನು ಅರಿಯದವನು ಯಂತ್ರ ಕೊಟ್ಟ ಅಂಕಿಯನ್ನೇ ತೂಕವೆಂದು ಬರೆದುಬಿಡುತ್ತಾನೆ.

ಬೆಸೆಲ್ ಒಂದು ನಕ್ಷತ್ರಕ್ಕೆ ಒಂದು ವರ್ಷ ತೆತ್ತನು. ಐರೋಪ್ಯ ಬಾಹ್ಯಾಕಾಶ ಸಂಸ್ಥೆ ೨೦೧೩ರ ಡಿಸೆಂಬರಿನಲ್ಲಿ ಹಾರಿಸಿದ ಗಾಯಾ ಎಂಬ ನೌಕೆ ೨೦೨೫ರ ಜನವರಿಯವರೆಗೆ ಆಕಾಶವನ್ನು ಅಳೆಯಿತು. ೨೦೨೦ರಲ್ಲಿ ಪ್ರಕಟವಾದ ಅದರ ಪಟ್ಟಿಯಲ್ಲಿಯೇ ೧೪೬ ಕೋಟಿಗೂ ಹೆಚ್ಚು ತಾರೆಗಳ ಲಂಬನವಿದೆ. ಉಜ್ವಲ ತಾರೆಗಳಲ್ಲಿ ಅದರ ಸೂಕ್ಷ್ಮತೆ ಎಷ್ಟೆಂದರೆ, ಆ ಹತ್ತು ರೂಪಾಯಿಯ ನಾಣ್ಯವನ್ನು ಚಂದ್ರನ ದಾರಿಯಲ್ಲಿ ಮುಕ್ಕಾಲು ಪಾಲು ಒಯ್ದು ಹಿಡಿಯಬೇಕು. ತ್ರಿಭುಜ ಮಾತ್ರ ಬೆಸೆಲನದೇ.

ಭಾವನವರು ಸಂಬಳದ ವಿಚಾರವನ್ನೂ ಎತ್ತಿದರು. ಬಣ್ಣ ಹಚ್ಚಿ ಹೇಳಲು ನನಗೆ ಮನಸ್ಸಾಗಲಿಲ್ಲ. ಪದವಿಯಲ್ಲಿ ಭೌತಶಾಸ್ತ್ರ, ಗಣಿತ, ಬಳಿಕ ಎಂ.ಎಸ್ಸಿ.; ಪ್ರವೇಶ ಪರೀಕ್ಷೆ; ಐದಾರು ವರ್ಷಗಳ ಸಂಶೋಧನೆ; ಅದರ ಅನಂತರವೂ ಊರೂರು, ದೇಶದೇಶ ತಿರುಗಿ ತಾತ್ಕಾಲಿಕ ಹುದ್ದೆಗಳು. ಖಾಯಂ ಸ್ಥಾನಗಳು ಕೆಲವೇ. ದಾರಿ ಉದ್ದವಾದುದು. ಅವಳು ನಡೆಯಲಾರದೆ ನಡುವೆ ಬೇರೆ ಕಡೆಗೆ ತಿರುಗಿದರೆ ತಿರುಗಲಿ, ಕಲಿತ ಗಣಿತ ಎಲ್ಲಿಯಾದರೂ ಅನ್ನ ಹಾಕುತ್ತದೆ. ಆದರೆ ಹೆದರಿಕೆಯಿಂದ ಹೊಸಲಿನಲ್ಲಿಯೇ ಹಿಂದಿರುಗುವುದು ಬೇಡ ಎಂದೆ. ಅವರು ಒಪ್ಪಿದರೆಂದು ಹೇಳಲಾರೆ. ‘ನೋಡೋಣ’ ಎಂದು ಮಗಳನ್ನು ಕರೆದುಕೊಂಡು ಹೊರಟರು. ಅರ್ಜಿಯಲ್ಲಿ ಗಣಿತವನ್ನು ಬರೆದಿದ್ದಾಳೆಂದು ಅಕ್ಕ ಆಮೇಲೆ ತಿಳಿಸಿದಳು. ಅಪ್ಪ ಒಂದು ವಾರ ಸರಿಯಾಗಿ ಮಾತನಾಡಲಿಲ್ಲವಂತೆ.

ಮೊನ್ನೆ ಹುಡುಗಿಯಿಂದ ನನಗೆ ಒಂದು ಸಂದೇಶ ಬಂದಿದೆ. ದಸರೆಯ ರಜಕ್ಕೆ ಬರುತ್ತಾಳಂತೆ. ಒಂಬತ್ತು ಮೀಟರಿನ ಗೋಡೆ ಸಾಲದಂತೆ. ಪಕ್ಕದ ಮನೆಯವರ ಮಹಡಿಯನ್ನೂ ಸೇರಿಸಿಕೊಂಡರೆ ಆಧಾರರೇಖೆ ೨೦ ಮೀಟರು ಆಗುತ್ತದೆ, ತೆಂಗಿನ ಮರದ ತಪ್ಪು ಅರ್ಧಕ್ಕೂ ಕಡಮೆಯಾಗುತ್ತದೆ, ಆದುದರಿಂದ ಅವರನ್ನು ಈಗಲೇ ಕೇಳಿಟ್ಟಿರಬೇಕಂತೆ. ಆ ಮನೆಯವರಿಗೂ ನಮಗೂ ನಲ್ಲಿಯ ನೀರಿನ ವಿಚಾರದಲ್ಲಿ ಎರಡು ವರ್ಷಗಳಿಂದ ಮಾತಿಲ್ಲ. ಹೇಗೆ ಕೇಳುವುದೆಂದು ಯೋಚಿಸುತ್ತಿದ್ದೇನೆ.